ಎದುರುನೋಡುವ ಮನೆ: ಆಗಮನ ಕಾಲದ ನಾಲ್ಕು ವಾರಗಳ ಮನೆಗೆಲಸ, ಕೈಗೆಲಸ ಮತ್ತು ಓದು

ಡಿಸೆಂಬರ್ ಮೊದಲ ವಾರದಲ್ಲೇ ದೀಪ, ನಕ್ಷತ್ರ, ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿ ಎಲ್ಲವೂ ಸಿದ್ಧವಾಗಿಬಿಟ್ಟರೆ ಇಪ್ಪತ್ತನಾಲ್ಕರ ರಾತ್ರಿ ಮಕ್ಕಳಿಗೆ ಹೊಸದಾಗಿ ನೋಡಲು ಏನೂ ಉಳಿದಿರುವುದಿಲ್ಲ. ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ವಾರಗಳ ಸಿದ್ಧತೆಯ ಕಾಲವಾದ ಆಗಮನ ಕಾಲವನ್ನು ಮನೆಯಲ್ಲಿ ಆಚರಿಸುವ ಬಗ್ಗೆ ನಾನು ಹೇಳಬೇಕೆಂದಿರುವ ಮಾತು ಒಂದೇ: ದಿನಕ್ಕೆ ಸ್ವಲ್ಪ ಸ್ವಲ್ಪವೇ ಮಾಡಿ, ಮತ್ತು ಕೊನೆಯ ರಾತ್ರಿಯವರೆಗೆ ಮನೆಯಲ್ಲಿ ಏನಾದರೊಂದು ಅಪೂರ್ಣವಾಗಿಯೇ ಇರಲಿ. ದೇವಾಲಯದಲ್ಲೂ ಹೀಗೆಯೇ ನಡೆಯುತ್ತದೆ. ಈ ವಾರಗಳ ಭಾನುವಾರದ ಬಲಿಪೂಜೆಯಲ್ಲಿ ಅಲ್ಲೆಲೂಯ ಹಾಡುತ್ತೇವೆ, ಆದರೆ ಮಹಿಮಾಗೀತೆಯನ್ನು ಹಾಡುವುದಿಲ್ಲ. ಬೆತ್ಲೆಹೇಮಿನ ಹೊಲದಲ್ಲಿ ದೇವದೂತರು ಹಾಡಿದ ಆ ಹಾಡನ್ನು ಕ್ರಿಸ್ಮಸ್ ರಾತ್ರಿಗೆಂದು ಕಾದಿರಿಸಿರುತ್ತೇವೆ.

ಮೊದಲು ಕ್ಯಾಲೆಂಡರ್ ಎದುರಿಗಿಟ್ಟುಕೊಳ್ಳಿ. ಸಂತ ಅಂದ್ರೆಯರ ಹಬ್ಬವಾದ ನವೆಂಬರ್ 30ಕ್ಕೆ ಅತಿ ಹತ್ತಿರದ ಭಾನುವಾರವೇ ಆಗಮನ ಕಾಲದ ಮೊದಲ ಭಾನುವಾರ. ಅದು ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೆ ಬರುತ್ತದೆ. 2026ರಲ್ಲಿ ನವೆಂಬರ್ 29, 2027ರಲ್ಲಿ ನವೆಂಬರ್ 28, 2028ರಲ್ಲಿ ಡಿಸೆಂಬರ್ 3. ಕ್ರಿಸ್ಮಸ್ ಭಾನುವಾರವೇ ಬಿದ್ದ ವರ್ಷ ಪೂರ್ತಿ 28 ದಿನ ಸಿಗುತ್ತದೆ. 2028ರಂತೆ ಸೋಮವಾರ ಬಿದ್ದರೆ ನಾಲ್ಕನೆಯ ಭಾನುವಾರವೇ ಡಿಸೆಂಬರ್ 24 ಆಗಿ, ಇಡೀ ಕಾಲ 22 ದಿನಕ್ಕೆ ಮುಗಿದುಹೋಗುತ್ತದೆ. ಕೈಗೆಲಸಗಳನ್ನು ಯೋಜಿಸುವಾಗ ಈ ಆರು ದಿನಗಳ ವ್ಯತ್ಯಾಸ ಸಣ್ಣದಲ್ಲ. ಹಾಗೆಯೇ ಡಿಸೆಂಬರ್ 17ರ ದಿನಾಂಕಕ್ಕೆ ಒಂದು ಗುರುತು ಹಾಕಿ. ಅಂದಿನಿಂದ ದೈವಾರಾಧನೆಯ ವಾಚನಗಳು ನೇರವಾಗಿ ಕ್ರಿಸ್ತ ಜನನದತ್ತ ತಿರುಗುತ್ತವೆ. ಮನೆಯ ದಿನಚರಿಯೂ ಅಂದಿನಿಂದ ಬದಲಾಗುವಂತೆ ನೋಡಿಕೊಳ್ಳುವುದು ಒಳ್ಳೆಯದು.

ಭಾರವಾದ ಮನೆಗೆಲಸವೆಲ್ಲ 17ರ ಮುಂಚೆಯೇ ಮುಗಿಯಬೇಕು. ಪರದೆ ಒಗೆಯುವುದು, ಅಟ್ಟದ ಧೂಳು ತೆಗೆಯುವುದು, ಅಡುಗೆಮನೆಯ ಡಬ್ಬಿಗಳನ್ನು ತೊಳೆದು ಒಣಗಿಸುವುದು ಇವನ್ನು ಒಂದೇ ದಿನಕ್ಕೆ ಪೇರಿಸಿಕೊಳ್ಳದೆ, ದಿನಕ್ಕೊಂದು ಕಪಾಟು ಅಥವಾ ಒಂದು ಮೂಲೆ ಎಂದು ಹಂಚಿಕೊಂಡರೆ ಸಂಜೆಯ ಪ್ರಾರ್ಥನೆಗೆ ಕೂರುವಾಗ ಮೈಮನಸ್ಸು ದಣಿದಿರುವುದಿಲ್ಲ. ಬಟ್ಟೆಯ ಬೀರುವನ್ನು ಎರಡನೆಯ ವಾರಕ್ಕೆ ಇಟ್ಟುಕೊಳ್ಳಿ. ಯೇಸುವಿಗೆ ದಾರಿ ಸಿದ್ಧಮಾಡಿದ ಸ್ನಾನಿಕ ಯೊವಾನ್ನರು ಭಾನುವಾರ ಓದುವ ಶುಭಸಂದೇಶದಲ್ಲಿ, ಅಂದರೆ ಬೈಬಲಿನ ಯೇಸುವಿನ ಚರಿತ್ರೆಯಲ್ಲಿ, ಕಾಣಿಸಿಕೊಳ್ಳುವ ವಾರ ಅದು. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದನ್ನು ಕೊಡಬೇಕೆಂದು ಅವರು ಜನರಿಗೆ ಹೇಳಿದ್ದು ಲೂಕನ ಮೂರನೆಯ ಅಧ್ಯಾಯದಲ್ಲಿದೆ. ಮನೆಯ ಪ್ರತಿಯೊಬ್ಬರೂ ತಾವು ಈಗಲೂ ತೊಡಬಹುದಾದ ಒಂದು ಒಳ್ಳೆಯ ಬಟ್ಟೆಯನ್ನು ತಾವೇ ಆರಿಸಲಿ. ಅದನ್ನು ಒಗೆದು, ಬಿಟ್ಟುಹೋದ ಗುಂಡಿ ಹಾಕಿ, ಸಡಿಲಾದ ಅಂಚನ್ನು ಹೊಲಿದು, ಇಸ್ತ್ರಿ ಮಾಡಿ, ಉಡುಗೊರೆ ಕೊಡುವಷ್ಟೇ ಮುತುವರ್ಜಿಯಿಂದ ಮಡಿಸಿಡಿ. ಗುಂಡಿ ಹಾಕುವ ಕೆಲಸವನ್ನು ಮಕ್ಕಳಿಗೇ ಕೊಡಬಹುದು. ಬಟ್ಟೆಗೂ ಗುಂಡಿಗೂ ನಡುವೆ ಒಂದು ಬೆಂಕಿಕಡ್ಡಿಯಿಟ್ಟು ಹೊಲಿದು, ಕೊನೆಗೆ ಕಡ್ಡಿ ಎಳೆದು, ಉಳಿದ ದಾರವನ್ನು ಗುಂಡಿಯ ಕೆಳಗೆ ಮೂರು ಸುತ್ತು ಸುತ್ತಿ ಗಂಟು ಹಾಕಿದರೆ ಅದು ಬಹುಕಾಲ ಬಾಳುತ್ತದೆ. ಮನೆಮಂದಿಯೆಲ್ಲ ಪಾಪನಿವೇದನೆಗೆ ಹೋಗುವ ದಿನವನ್ನೂ ಇದೇ ವಾರ ಗೊತ್ತುಮಾಡಿಕೊಳ್ಳಿ, ಏಕೆಂದರೆ ಕೊನೆಯ ದಿನಗಳಲ್ಲಿ ಸಾಲು ಉದ್ದವಾಗಿ ಗುರುಗಳಿಗೂ ಬಿಡುವಿರುವುದಿಲ್ಲ.

ಇನ್ನು ಆಗಮನ ಕಾಲದ ಹಸಿರು ವೃತ್ತ: ನಾಲ್ಕು ಮೇಣದಬತ್ತಿಗಳಿರುವ ಎಲೆಗಳ ಬಳೆ, ಭಾನುವಾರಕ್ಕೊಂದರಂತೆ ಹೆಚ್ಚು ಬತ್ತಿ ಹಚ್ಚುತ್ತಾ ಹೋಗುತ್ತೇವೆ. ಇದು ಬಹಳ ಪ್ರಾಚೀನವೆಂದು ಅನೇಕರು ತಿಳಿದಿದ್ದಾರೆ, ಆದರೆ ಇಂದಿನ ರೂಪದ ಕಥೆ ಆರಂಭವಾಗುವುದು 1839ರ ಹ್ಯಾಂಬರ್ಗ್ ನಗರದಲ್ಲಿ. ಯೊಹಾನ್ ಹಿನ್ರಿಖ್ ವಿಖರ್ನ್ ಎಂಬ ಪ್ರೊಟೆಸ್ಟೆಂಟ್ ಪಾದ್ರಿ, ಕ್ರಿಸ್ಮಸ್‌ಗೆ ಇನ್ನೆಷ್ಟು ದಿನ ಎಂದು ಕೇಳುತ್ತಲೇ ಇದ್ದ ತಮ್ಮ ಆಶ್ರಮದ ಬಡ ಮಕ್ಕಳಿಗಾಗಿ ಗಾಡಿಯ ಚಕ್ರವೊಂದರ ಮೇಲೆ ಭಾನುವಾರಗಳಿಗೆ ನಾಲ್ಕು ದೊಡ್ಡ ಮೇಣದಬತ್ತಿಗಳನ್ನೂ ಉಳಿದ ದಿನಗಳಿಗೆ ಚಿಕ್ಕ ಮೇಣದಬತ್ತಿಗಳನ್ನೂ ನಿಲ್ಲಿಸಿದರು. ಕಥೋಲಿಕ ದೇವಾಲಯಗಳಿಗೂ ಮನೆಗಳಿಗೂ ಅದು ಬಂದದ್ದು 20ನೆಯ ಶತಮಾನದಲ್ಲಿ. ಮಕ್ಕಳ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದ್ದಾದ್ದರಿಂದ ಮಕ್ಕಳ ಕೈಯಲ್ಲೇ ಅದನ್ನು ಮಾಡಿಸುವುದು ನನಗೆ ಸರಿಯೆನಿಸುತ್ತದೆ.

ಸುಮಾರು 30 ಸೆಂಟಿಮೀಟರ್ ಅಗಲದ ತಂತಿಯ ಬಳೆ ಸಾಕು. ನಾಲ್ಕು ಲೋಹದ ಬಟ್ಟಲುಗಳನ್ನು ಸಮಾನ ಅಂತರದಲ್ಲಿ ಅದಕ್ಕೆ ಬಿಗಿದು ಕಟ್ಟಿದ ಮೇಲೆಯೇ ಎಲೆಗಳನ್ನು ಸುತ್ತಬೇಕು. ಮೊದಲು ಎಲೆ ಸುತ್ತಿ ಆಮೇಲೆ ಬಟ್ಟಲು ಸಿಕ್ಕಿಸಲು ಹೋದರೆ ಮೇಣದಬತ್ತಿ ಎಂದಿಗೂ ನೆಟ್ಟಗೆ ನಿಲ್ಲುವುದಿಲ್ಲ. ಬೇಗ ಒಣಗದ ದಪ್ಪ ಎಲೆಗಳ ಕಿರುಕೊಂಬೆಗಳನ್ನು ಅಂಗೈ ಉದ್ದಕ್ಕೆ ಕತ್ತರಿಸಿ, ಮೂರು ಮೂರನ್ನು ಸೇರಿಸಿ, ಒಂದರ ಕಾಂಡವನ್ನು ಮುಂದಿನದರ ಎಲೆ ಮುಚ್ಚುವಂತೆ ಒಂದೇ ದಿಕ್ಕಿನಲ್ಲಿ ತೆಳು ತಂತಿಯಿಂದ ಕಟ್ಟುತ್ತಾ ಹೋಗಿ. ಮೂರು ಮೇಣದಬತ್ತಿ ನೇರಳೆ, ಒಂದು ಗುಲಾಬಿ. ಗುಲಾಬಿ ಬಣ್ಣದ್ದು ಮೂರನೆಯ ಭಾನುವಾರಕ್ಕೆ; ಆನಂದಿಸಿರಿ ಎಂದು ಅರ್ಥಕೊಡುವ ಲತೀನ್ ಪದದಿಂದ ಅದಕ್ಕೆ ಗೌದೇತೆ ಭಾನುವಾರವೆಂಬ ಹೆಸರು ಬಂದಿದೆ. ಬಣ್ಣದವು ಸಿಗದಿದ್ದರೆ ಬಿಳಿಯವನ್ನೇ ನಿಲ್ಲಿಸಿ, ಬುಡಕ್ಕೆ ಆಯಾ ಬಣ್ಣದ ಹತ್ತಿ ದಾರ ಸುತ್ತಿದರೆ ಆಯಿತು. ಮೊದಲನೆಯ ಮೇಣದಬತ್ತಿ ಎಲ್ಲಕ್ಕಿಂತ ದಪ್ಪಗಿರಲಿ. ದಿನಕ್ಕೆ 15 ನಿಮಿಷ ಉರಿಸಿದರೂ 28 ದಿನಕ್ಕೆ ಅದು 7 ಗಂಟೆ ಉರಿಯಬೇಕು, ನಾಲ್ಕನೆಯದು ಉರಿಯುವುದು ಹೆಚ್ಚೆಂದರೆ ಏಳು ಸಂಜೆ. ಕೊನೆಯ ವಾರ ನಾಲ್ಕೂ ಮೆಟ್ಟಿಲಿನಂತೆ ಎತ್ತರ ಬೇರೆಬೇರೆಯಾಗಿ ನಿಂತಿರುವುದನ್ನು ನೋಡಿದರೆ ಕಾದ ದಿನಗಳು ಕಣ್ಣಿಗೇ ಕಾಣುತ್ತವೆ.

ಒಂದು ಎಚ್ಚರಿಕೆಯನ್ನು ಅನುಭವದಿಂದಲೇ ಹೇಳುತ್ತಿದ್ದೇನೆ. ಮೊದಲ ವರ್ಷ ನಾನು ಎಲೆ ಬದಲಿಸದೆ ಬಿಟ್ಟಿದ್ದೆ. ಮೂರನೆಯ ವಾರದಲ್ಲಿ ಗರಿಗರಿಯಾಗಿ ಒಣಗಿದ್ದ ಒಂದು ಎಲೆಯ ತುದಿ ಗಿಡ್ಡವಾಗಿದ್ದ ಮೊದಲ ಮೇಣದಬತ್ತಿಯ ಉರಿಗೆ ತಾಗಿ ಹೊತ್ತಿಕೊಂಡಿತು. ಪಕ್ಕದಲ್ಲೇ ನೀರಿನ ಲೋಟವಿದ್ದುದರಿಂದ ಮೇಜಿನ ಬಟ್ಟೆಗೆ ಮಾತ್ರ ಕಲೆಯಾಯಿತು. ಅಂದಿನಿಂದ ಪ್ರತಿ ಶನಿವಾರ ಎಲೆ ಬದಲಿಸುತ್ತೇನೆ, ಮೇಣದಬತ್ತಿಯ ನೂಲನ್ನು ಅರ್ಧ ಸೆಂಟಿಮೀಟರಿಗೆ ಕತ್ತರಿಸುತ್ತೇನೆ, ವೃತ್ತವನ್ನು ಅಗಲವಾದ ಲೋಹದ ತಟ್ಟೆಯ ಮೇಲಿಡುತ್ತೇನೆ. ಉರಿಯುತ್ತಿರುವಾಗ ಯಾರೂ ಕೋಣೆ ಬಿಟ್ಟು ಹೋಗಬಾರದೆಂಬುದು ನಮ್ಮ ಮನೆಯ ನಿಯಮ.

ಕೈಗೆಲಸಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಜೆಸ್ಸೆಯ ಮರ. ದಾವೀದನ ತಂದೆಯಾದ ಜೆಸ್ಸೆಯ ಬುಡದಿಂದ ಒಂದು ಚಿಗುರು ಹೊರಡುವುದೆಂದು ಪ್ರವಾದಿ ಯೆಶಾಯನ 11ನೆಯ ಅಧ್ಯಾಯ ಹೇಳುತ್ತದೆ; ಆ ಮಾತೇ ಇದಕ್ಕೆ ಮೂಲ. ಎಲೆಯಿಲ್ಲದ, ಕವಲೊಡೆದ ಒಣಕೊಂಬೆಯೊಂದನ್ನು ಮರಳು ತುಂಬಿದ ಮಡಕೆಯಲ್ಲಿ ನೆಟ್ಟು, ಡಿಸೆಂಬರ್ 1ರಿಂದ 24ರವರೆಗೆ ದಿನಕ್ಕೊಂದು ಗುರುತನ್ನು ತೂಗುಹಾಕುತ್ತಾ, ಆ ಗುರುತಿನ ಕಥೆಯನ್ನು ಬೈಬಲಿನಿಂದ ಓದಬೇಕು. ಆದಾಮ ಹವ್ವರಿಗೆ ಹಣ್ಣು, ನೋಹನಿಗೆ ನಾವೆ, ಅಬ್ರಹಾಮನಿಗೆ ನಕ್ಷತ್ರಗಳು, ಇಸಾಕನ ಬದಲು ಬಲಿಯಾದ ಟಗರು, ಯಕೋಬನ ಏಣಿ, ಜೋಸೆಫನ ಬಣ್ಣದ ಅಂಗಿ, ಮೋಶೆಯ ಉರಿಯುವ ಪೊದೆ, ರಾಹಾಬಳ ಕೆಂಪು ಹಗ್ಗ, ರೂತಳ ತೆನೆ, ದಾವೀದನ ಕಿನ್ನರಿ, ಸೊಲೊಮೋನನ ದೇವಾಲಯ, ಯೋನನ ಮೀನು, ಹೀಗೆ ಸಾಗಿ ಸ್ನಾನಿಕ ಯೊವಾನ್ನರ ಚಿಪ್ಪು, ಜೋಸೆಫರ ಬಡಗಿಯ ಉಳಿ, ಮಾತೆ ಮರಿಯಳ ಲಿಲ್ಲಿ ಹೂವಿಗೆ ಬರುತ್ತದೆ. ರಾಹಾಬಳನ್ನೂ ರೂತಳನ್ನೂ ಬಿಡಬೇಡಿ. ಹೊರನಾಡಿನವರಾದ ಈ ಇಬ್ಬರು ಹೆಂಗಸರ ಹೆಸರನ್ನು ಮತ್ತಾಯನು ಯೇಸುವಿನ ವಂಶಾವಳಿಯಲ್ಲಿ ಎತ್ತಿ ಹೇಳಿದ್ದಾನೆ.

ಗುರುತುಗಳನ್ನು ಕೊಂಡು ತರುವುದಕ್ಕಿಂತ ವರ್ಷಕ್ಕೆ ಆರೇಳರಂತೆ ಮನೆಯಲ್ಲೇ ಮಾಡಿ, ಉಳಿದವನ್ನು ಆ ವರ್ಷಕ್ಕೆ ಕಾಗದದಲ್ಲಿ ಬಿಡಿಸಿಕೊಳ್ಳಿ. ನಾಲ್ಕು ವರ್ಷಕ್ಕೆ ಮರ ತುಂಬುತ್ತದೆ. ಫೆಲ್ಟ್ ಬಟ್ಟೆಯಲ್ಲಿ 7 ಸೆಂಟಿಮೀಟರ್ ಅಗಲದ ಎರಡು ಬಿಲ್ಲೆ ಕತ್ತರಿಸಿ, ಮುಂದಿನ ಬಿಲ್ಲೆಯ ಮೇಲೆ ಚಿತ್ರವನ್ನು ಹೊಲಿದು ಮುಗಿಸಿದ ನಂತರವೇ ಎರಡನ್ನೂ ಜೋಡಿಸಿ. ಹಿಂಬದಿಯ ಗಂಟುಗಳೆಲ್ಲ ಒಳಗೆ ಮುಚ್ಚಿಹೋಗುತ್ತವೆ. ರೂತಳ ತೆನೆಗೆ ಹಳದಿ ದಾರದಲ್ಲಿ ನೇರ ಕಾಂಡವೊಂದನ್ನು ಹಾಕಿ, ತುದಿಯಿಂದ ಕೆಳಕ್ಕೆ ಎಡಕ್ಕೊಂದು ಬಲಕ್ಕೊಂದು ಚಿಕ್ಕ ಓರೆ ಹೊಲಿಗೆ ಹಾಕುತ್ತಾ ಬಂದರೆ ಕಾಳು ಮೂಡಿದಂತಾಗುತ್ತದೆ. ಏಣಿಯನ್ನು ಮದ್ದಿನ ತಲೆ ಕತ್ತರಿಸಿದ ಬೆಂಕಿಕಡ್ಡಿಗಳಿಂದ ಐದು ವರ್ಷದ ಮಗುವೂ ಅಂಟಿಸಬಲ್ಲದು. ಅಂಚು ಸೊಟ್ಟಗಿದ್ದರೆ ಬಿಚ್ಚಿ ಸರಿಪಡಿಸಬೇಡಿ; ಆ ಸೊಟ್ಟ ಅಂಚನ್ನು ಹೊಲಿದ ಕೈ ಬೆಳೆದು ದೊಡ್ಡದಾದ ಮೇಲೆ ಅದಕ್ಕಿಂತ ಬೆಲೆಬಾಳುವ ವಸ್ತು ಗುರುತುಗಳನ್ನು ಎತ್ತಿಡುವ ಪೆಟ್ಟಿಗೆಯಲ್ಲಿ ಇನ್ನೊಂದಿರುವುದಿಲ್ಲ.

ಓದಿನ ವಿಷಯಕ್ಕೆ ಬರೋಣ. ಲೂಕನ ಶುಭಸಂದೇಶದಲ್ಲಿ 24 ಅಧ್ಯಾಯಗಳಿರುವುದರಿಂದ ದಿನಕ್ಕೊಂದರಂತೆ ಡಿಸೆಂಬರ್ 24ಕ್ಕೆ ಮುಗಿಸುವ ರೂಢಿ ಹಲವು ಮನೆಗಳಲ್ಲಿದೆ. ದೊಡ್ಡವರು ತಮ್ಮಷ್ಟಕ್ಕೆ ಓದಿಕೊಳ್ಳಲು ಅದು ಬಹಳ ಚೆನ್ನಾಗಿದೆ. ಆದರೆ ಮಕ್ಕಳ ಜೊತೆ ಕೂತು ಓದುವುದಕ್ಕೆ ನಾನು ಅದನ್ನು ಹೇಳಲಾರೆ. ಮೊದಲ ಅಧ್ಯಾಯವೊಂದರಲ್ಲೇ 80 ವಚನಗಳಿವೆ, ಅವಸರದಲ್ಲಿ ಗಬ್ರಿಯೇಲ್ ದೂತನ ಮಾತೂ ಮರಿಯಳ ಉತ್ತರವೂ ಒಂದೇ ಉಸಿರಿನಲ್ಲಿ ಕಳೆದುಹೋಗುತ್ತವೆ. ಮೊದಲೆರಡು ವಾರ ಜೆಸ್ಸೆಯ ಮರದ ಕಥೆಯೊಂದಿಗೆ ಯೆಶಾಯನ 2, 9, 11, 35, 40ನೆಯ ಅಧ್ಯಾಯಗಳಿಂದ ಹತ್ತು ವಚನ ಮೀರದಂತೆ ಓದಿ. ಭಾನುವಾರದ ಶುಭಸಂದೇಶವನ್ನು ಶನಿವಾರ ಸಂಜೆಯೇ ಓದಿಟ್ಟುಕೊಂಡರೆ ದೇವಾಲಯದಲ್ಲಿ ಮಕ್ಕಳ ಕಿವಿ ಚುರುಕಾಗಿರುತ್ತದೆ. 2026ರ ಆಗಮನ ಕಾಲದಿಂದ ಮಾರ್ಕನ ವರ್ಷ, ಅಂದರೆ ಭಾನುವಾರಗಳಲ್ಲಿ ಹೆಚ್ಚಾಗಿ ಮಾರ್ಕನ ಶುಭಸಂದೇಶ ಓದುವ ವರ್ಷ, ಆರಂಭವಾಗುತ್ತದೆ. ಮೊದಲ ಭಾನುವಾರ ಬರುವುದು ಯಜಮಾನ ಯಾವಾಗ ಮರಳುವನೋ ತಿಳಿಯದೆ ಎಚ್ಚರವಾಗಿರುವ ಬಾಗಿಲು ಕಾಯುವವನ ಮಾತು.

ಡಿಸೆಂಬರ್ 17ರಿಂದ ಬೇರೆ ಯೋಜನೆಯೇ ಬೇಕಿಲ್ಲ, ಧರ್ಮಸಭೆಯೇ ಎಂಟು ದಿನಗಳ ಓದನ್ನು ಸಿದ್ಧಮಾಡಿ ಕೊಟ್ಟಿದೆ. 17ರಂದು ಮತ್ತಾಯನ ವಂಶಾವಳಿ, 18ರಂದು ಜೋಸೆಫರ ಕನಸು. 19ರಿಂದ ಲೂಕನ ಮೊದಲ ಅಧ್ಯಾಯ ಬಿಡಿಬಿಡಿಯಾಗಿ ಬರುತ್ತದೆ: ಜಕರೀಯನ ಮೂಕತನ, ಮರಿಯಳಿಗೆ ದೂತನ ಸಂದೇಶ, ಎಲಿಜಬೇತಳ ಭೇಟಿ, ಮರಿಯಳ ಸ್ತುತಿಗೀತೆ, ಯೊವಾನ್ನರ ಜನನ, ಮತ್ತು 24ರ ಬೆಳಿಗ್ಗೆ ಮಾತು ಮರಳಿದ ಜಕರೀಯನ ಹಾಡು. ನಡುವೆ ಭಾನುವಾರ ಬಂದರೆ ಬಲಿಪೂಜೆಯಲ್ಲಿ ಆ ಭಾನುವಾರದ ವಾಚನವೇ ಇರುತ್ತದೆ, ಮನೆಯಲ್ಲಿ ಮಾತ್ರ ಸಾಲು ತಪ್ಪಿಸದೆ ಓದಬಹುದು. ಓದುವವರು ಬೆಳಿಗ್ಗೆಯೇ ಒಮ್ಮೆ ಗಟ್ಟಿಯಾಗಿ ಓದಿ ಅಭ್ಯಾಸ ಮಾಡಿಕೊಳ್ಳಲಿ. ವಂಶಾವಳಿಯ ದಿನವಂತೂ ಇದು ಅಗತ್ಯ. ಹೆಸರುಗಳಲ್ಲಿ ತಡವರಿಸದೆ ನಿಧಾನವಾಗಿ ಓದಿದರೆ, ಮರದ ಮೇಲೆ ತೂಗುತ್ತಿರುವ ಗುರುತುಗಳ ಹೆಸರು ಬಂದಾಗಲೆಲ್ಲ ಮಕ್ಕಳು ಕೈ ತೋರಿಸುತ್ತಾರೆ.

ಇದೇ 17ರಿಂದ 23ರವರೆಗೆ ಸಂಜೆಯ ಪ್ರಾರ್ಥನೆಯಲ್ಲಿ ಮರಿಯಳ ಸ್ತುತಿಗೀತೆಯ ಮುನ್ನ ಹಾಡುವ ಏಳು ಪುರಾತನ ಪಲ್ಲವಿಗಳಿವೆ. ಅವು ಕ್ರಿಸ್ತರನ್ನು ಕ್ರಮವಾಗಿ ಜ್ಞಾನವೇ, ಪ್ರಭುವೇ, ಜೆಸ್ಸೆಯ ಬೇರೇ, ದಾವೀದನ ಬೀಗದಕೈಯೇ, ಉದಯಸೂರ್ಯನೇ, ಜನಾಂಗಗಳ ಅರಸನೇ, ಇಮ್ಮಾನುವೇಲನೇ ಎಂದು ಕರೆಯುತ್ತವೆ. ಅಂಗೈಯಗಲದ ಏಳು ರಟ್ಟುಗಳ ಮೇಲೆ ಗ್ರಂಥ, ಉರಿವ ಪೊದೆ, ಬೇರು, ಬೀಗದಕೈ, ಸೂರ್ಯ, ಕಿರೀಟ, ಗೋದಲಿ ಬಿಡಿಸಿ, ದಿನಕ್ಕೊಂದರಂತೆ ದಾರಕ್ಕೆ ಪೋಣಿಸಿ ಕಿಟಕಿಗೆ ಕಟ್ಟಿ. ಲತೀನಿನಲ್ಲಿ ಈ ಏಳು ಹೆಸರುಗಳ ಮೊದಲಕ್ಷರಗಳನ್ನು ಕೊನೆಯಿಂದ ಹಿಂದಕ್ಕೆ ಓದಿದರೆ ‘ಏರೋ ಕ್ರಾಸ್’, ಅಂದರೆ ‘ನಾಳೆ ನಾನಿರುವೆ’ ಎಂದಾಗುತ್ತದೆ. ಏಳನೆಯ ರಟ್ಟು ಏರುವವರೆಗೆ ಈ ಗುಟ್ಟನ್ನು ಮಕ್ಕಳಿಗೆ ಹೇಳದೆ ಇಟ್ಟುಕೊಳ್ಳಿ.

ನಡುವೆ ಬರುವ ಹಬ್ಬಗಳಿಗೆ ಹೆಚ್ಚು ಸಿದ್ಧತೆ ಬೇಡ. ಡಿಸೆಂಬರ್ 6 ಮೀರಾದ ಧರ್ಮಾಧ್ಯಕ್ಷ ಸಂತ ನಿಕೋಲಾಸರ ದಿನ; ಗುಟ್ಟಾಗಿ ಕೊಡುವುದನ್ನು ಮಕ್ಕಳಿಗೆ ಅಂದು ಕಲಿಸಬಹುದು. ಡಿಸೆಂಬರ್ 8ರ ಅಮಲೋದ್ಭವ ಮಾತೆಯ, ಅಂದರೆ ಮರಿಯಳ, ಮಹೋತ್ಸವಕ್ಕೆ ಈ ಕಾಲದ ಬಣ್ಣವಾದ ನೇರಳೆಯ ಮೇಜುಬಟ್ಟೆ ತೆಗೆದು ಬಿಳಿಯದನ್ನು ಹಾಸಿ, ಮರುದಿನ ನೇರಳೆಗೆ ಮರಳಿ. 13ರಂದು ಸಂತ ಲೂಸಿಯ; ಸಂಜೆ ವಿದ್ಯುದ್ದೀಪಗಳನ್ನು ಆರಿಸಿ ವೃತ್ತದ ಬೆಳಕಿನಲ್ಲೇ ಓದಿದರೆ ಸಾಕು.

ಗೋದಲಿಯನ್ನು ಕೊನೆಗೆ ಇಟ್ಟಿದ್ದೇನೆ, ಮನೆಯಲ್ಲೂ ಅದು ಕೊನೆಗೇ ತುಂಬಬೇಕು. ಸಂತ ಅಸ್ಸಿಸಿಯ ಫ್ರಾನ್ಸಿಸರು 1223ರ ಕ್ರಿಸ್ಮಸ್ ರಾತ್ರಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಹುಲ್ಲು ತುಂಬಿದ ಮೇವುತೊಟ್ಟಿ, ಎತ್ತು, ಕತ್ತೆ ಇಷ್ಟನ್ನೇ ಇರಿಸಿದ್ದರು. ಮೂರನೆಯ ಭಾನುವಾರದಂದು ಕೊಟ್ಟಿಗೆಯನ್ನೂ ಪ್ರಾಣಿಗಳನ್ನೂ ಜೋಡಿಸಿ, ಮೇವುತೊಟ್ಟಿಯನ್ನು ಮಾತ್ರ ಬರಿದಾಗಿಡಿ. ಪಕ್ಕದ ಬಟ್ಟಲಲ್ಲಿ ಬೆರಳುದ್ದಕ್ಕೆ ಕತ್ತರಿಸಿದ ಒಣಹುಲ್ಲಿರಲಿ. ಯಾರಿಗೂ ಹೇಳದೆ ಒಂದು ಒಳ್ಳೆಯ ಕೆಲಸ ಮಾಡಿದವರು ಒಂದು ಎಳೆಯನ್ನು ತೊಟ್ಟಿಗೆ ಹಾಕಲಿ. ಎಷ್ಟು ಹಾಕಿದೆ ಎಂದು ಯಾರೂ ಯಾರನ್ನೂ ಕೇಳಬಾರದು. ಮರಿಯ ಮತ್ತು ಜೋಸೆಫರ ಮೂರ್ತಿಗಳು ಕೋಣೆಯ ಇನ್ನೊಂದು ತುದಿಯಿಂದ ದಿನಕ್ಕೆ ಒಂದು ಗೇಣು ನಡೆಯುತ್ತಾ ಬಂದು 24ರ ಸಂಜೆ ಕೊಟ್ಟಿಗೆ ತಲುಪಲಿ. ಶಿಶುವಿನ ಮೂರ್ತಿಯನ್ನು ಮೆತ್ತನೆಯ ಬಿಳಿ ಬಟ್ಟೆಯಲ್ಲಿ ಸುತ್ತಿ ಎತ್ತರದ ಕಪಾಟಿನಲ್ಲಿ ಇಟ್ಟಿರಿ. ರಾತ್ರಿಯ ಬಲಿಪೂಜೆಯಿಂದ ಮರಳಿದ ಮೇಲೆ ಮನೆಯ ಅತಿ ಕಿರಿಯರು ಆ ಬಟ್ಟೆಯನ್ನು ಬಿಚ್ಚಿ ಶಿಶುವನ್ನು ಹುಲ್ಲಿನ ಮೇಲೆ ಮಲಗಿಸಲಿ. ಆಗಲೂ ಮೂವರು ಜ್ಞಾನಿಗಳು ದೂರದ ಪುಸ್ತಕದ ಅಟ್ಟಣೆಯ ಮೇಲೆಯೇ ಇರುತ್ತಾರೆ. ಅವರು ಶಿಶುವನ್ನು ಕಂಡದ್ದನ್ನು ನೆನೆಯುವ ಜನವರಿ 6ರವರೆಗೆ ಅವರ ನಡಿಗೆ ಬಾಕಿಯಿದೆ.