ಟಾಗಲ್ ಬಟನ್, ಸ್ವಿಚ್, ಆಯ್ಕೆ ಗುಂಪು: ಒಂದೇ ಸಲ ಕಟ್ಟಿ ಎಲ್ಲ ಕಡೆ ಬಳಸಿದ ನನ್ನ ಅನುಭವ

ಸಣ್ಣ ಕ್ಲಿನಿಕ್‌ಗಳಿಗೆ ಅಪಾಯಿಂಟ್‌ಮೆಂಟ್ ಪುಟ ಮಾಡಿಕೊಡುವ ತಂಡದಲ್ಲಿ ನಾನು ಫ್ರಂಟ್‌ಎಂಡ್ ನೋಡಿಕೊಳ್ಳುತ್ತೇನೆ. ಪುಟ ಕನ್ನಡ, ಇಂಗ್ಲಿಷ್ ಎರಡರಲ್ಲೂ ಇರುತ್ತದೆ. ಅದರಲ್ಲಿ ಟೈಪ್ ಮಾಡುವುದಕ್ಕಿಂತ ಒತ್ತಿ ಆರಿಸುವುದೇ ಜಾಸ್ತಿ. ಬೆಳಿಗ್ಗೆಯೋ ಸಂಜೆಯೋ, ವಾರದ ಯಾವ ಯಾವ ದಿನ ಬರಬಹುದು, ಎಸ್‌ಎಂಎಸ್ ರಿಮೈಂಡರ್ ಬೇಕೋ ಬೇಡವೋ, ವಿಡಿಯೊ ಕರೆಯಲ್ಲಿ ಮೈಕ್ ಮ್ಯೂಟ್ ಮಾಡುವುದು. ಒಂದೊಂದು ಪುಟದಲ್ಲಿ ಒಂದೊಂದು ತರಹದ ಕೋಡ್ ಇತ್ತು. ಅದನ್ನೆಲ್ಲ ಸೇರಿಸಿ ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯ ಕೆಲವೇ ಕಾಂಪೊನೆಂಟ್‌ಗಳಾಗಿ (ಮತ್ತೆ ಮತ್ತೆ ಬಳಸಬಹುದಾದ ತುಣುಕುಗಳಾಗಿ) ಮಾಡಿದ್ದು ಹೇಗೆ ಅಂತ ಇಲ್ಲಿ ಹೇಳುತ್ತೇನೆ.

ಡಿಸೈನ್ ಫೈಲ್‌ನಲ್ಲಿ ಇವೆಲ್ಲ ಹೆಚ್ಚುಕಡಿಮೆ ಒಂದೇ ತರ ಕಾಣುತ್ತವೆ. ಅಂಚು ಉರುಟಾದ ಒಂದು ಬಿಲ್ಲೆ, ಆರಿಸಿದರೆ ಬಣ್ಣ ತುಂಬುತ್ತದೆ. ಆದರೆ ಬಳಸುವವರಿಗೆ ಇವು ಹೇಳುವ ಮಾತು ಬೇರೆ ಬೇರೆ. ಮ್ಯೂಟ್ ಎನ್ನುವುದು ಒತ್ತಿಟ್ಟ ಬಟನ್. ರಿಮೈಂಡರ್ ಒಂದು ಸ್ವಿಚ್, ಆನ್ ಅಥವಾ ಆಫ್. ಬೆಳಿಗ್ಗೆ, ಮಧ್ಯಾಹ್ನ, ಸಂಜೆಯಲ್ಲಿ ಒಂದನ್ನೇ ಆರಿಸಬೇಕು. ದಿನಗಳನ್ನು ಎಷ್ಟು ಬೇಕಾದರೂ ಆರಿಸಬಹುದು. ಹಾಗಾಗಿ ಕೋಡ್ ಬರೆಯುವ ಮೊದಲು ಇರುವ ಪ್ರತಿಯೊಂದು ಬಿಲ್ಲೆಯನ್ನೂ ಈ ನಾಲ್ಕು ಗುಂಪಿಗೆ ಹಂಚಿದೆ. ಇಡೀ ಕೆಲಸದಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸಿದ್ದು ಈ ಹಂಚಿಕೆಯೇ. ಇದು ಸರಿಯಾದರೆ ಮುಂದಿನ ಎಷ್ಟೋ ಪ್ರಶ್ನೆಗಳಿಗೆ ಬ್ರೌಸರೇ ಉತ್ತರ ಕೊಡುತ್ತದೆ.

ಮ್ಯೂಟ್ ಬಟನ್ ಸುಲಭ. ಮಾಮೂಲಿ ಬಟನ್ ಎಲಿಮೆಂಟ್, ಅದಕ್ಕೆ ಒತ್ತಿದೆಯೋ ಇಲ್ಲವೋ ಎಂದು ತಿಳಿಸುವ ಏರಿಯಾ-ಪ್ರೆಸ್ಡ್, ಟ್ರೂ ಅಥವಾ ಫಾಲ್ಸ್ (ಏರಿಯಾ ಅಂದರೆ ಪುಟದ ಭಾಗಗಳನ್ನು ಕಣ್ಣು ಕಾಣದವರ ನೆರವಿನ ತಂತ್ರಾಂಶಗಳಿಗೂ ತಿಳಿಸಿಕೊಡುವ ವೆಬ್ ಮಾನದಂಡ). ಟೈಪ್ ಅನ್ನು ಬಟನ್ ಅಂತಲೇ ಬರೆಯಬೇಕು. ಇಲ್ಲದಿದ್ದರೆ ಫಾರ್ಮ್ ಒಳಗೆ ಇಟ್ಟಾಗ ಅದು ಸಬ್ಮಿಟ್ ಬಟನ್ ಆಗಿಬಿಡುತ್ತದೆ. ಇನ್ನೊಂದು ವಿಷಯ, ಸ್ಥಿತಿ ಬದಲಾದಾಗ ಹೆಸರು ಬದಲಾಗಬಾರದು. 'ಮ್ಯೂಟ್' ಬಟನ್ ಒತ್ತಿದ ಮೇಲೆ ಅದರ ಹೆಸರನ್ನು 'ಅನ್‌ಮ್ಯೂಟ್' ಅಂತ ಮಾಡಿ, ಜೊತೆಗೆ ಪ್ರೆಸ್ಡ್ ಕೂಡ ಟ್ರೂ ಮಾಡಿದರೆ, ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ "ಅನ್‌ಮ್ಯೂಟ್, ಟಾಗಲ್ ಬಟನ್, ಪ್ರೆಸ್ಡ್" ಎನ್ನುತ್ತದೆ. ಕೇಳಿದವರಿಗೆ ಮೈಕ್ ಈಗ ಆನ್ ಇದೆಯೋ ಆಫ್ ಆಗಿದೆಯೋ ಹೇಗೆ ಗೊತ್ತಾಗಬೇಕು? ಡಾಕ್ಟರ ಜೊತೆ ಮಾತಾಡುತ್ತಿರುವವರಿಗೆ ಇದು ಸಣ್ಣ ವಿಷಯ ಅಲ್ಲ. ಹೆಸರು ಬದಲಾಯಿಸಲೇಬೇಕು ಅಂತಿದ್ದರೆ ಏರಿಯಾ-ಪ್ರೆಸ್ಡ್ ಬಿಟ್ಟುಬಿಡಿ. ಎರಡರಲ್ಲಿ ಒಂದು ಸಾಕು.

ಸ್ವಿಚ್‌ಗೆ ಚೆಕ್‌ಬಾಕ್ಸ್ ಇನ್‌ಪುಟ್ ತೆಗೆದುಕೊಂಡು ರೋಲ್ ಅನ್ನು, ಅಂದರೆ ಇದು ಯಾವ ಬಗೆಯದು ಎಂದು ಹೇಳುವ ಗುರುತನ್ನು, ಸ್ವಿಚ್ ಅಂತ ಕೊಟ್ಟೆ. ಈ ರೋಲ್ 2017ರಲ್ಲಿ ಬಂದ ಏರಿಯಾ 1.1ರಿಂದ ಇದೆ. ಆನ್, ಆಫ್ ಸ್ಥಿತಿಯನ್ನು ಇನ್‌ಪುಟ್ ತಾನೇ ತಿಳಿಸುತ್ತದೆ. ಇಲ್ಲಿ ಯೋಚಿಸಬೇಕಾದ್ದು ಸರ್ವರ್ ಬಗ್ಗೆ. ನಮ್ಮ ಸ್ವಿಚ್ ಒತ್ತಿದ ತಕ್ಷಣ ಸೇವ್ ಆಗುತ್ತದೆ, ನೆಟ್‌ವರ್ಕ್ ಕೈಕೊಟ್ಟರೆ ಹಳೆಯ ಸ್ಥಿತಿಗೆ ಮರಳಿ ಕಾರಣವನ್ನು ಪಕ್ಕದಲ್ಲೇ ತೋರಿಸುತ್ತದೆ. ಸೇವ್ ಆಗುವವರೆಗೆ ಡಿಸೇಬಲ್ ಮಾಡುವುದಿಲ್ಲ. ಹಾಗೆ ಮಾಡಿದರೆ ಕೀಬೋರ್ಡ್ ಬಳಸುವವರಿಗೆ ತಾವು ನಿಂತಿದ್ದ ಜಾಗವೇ ತಪ್ಪಿಹೋಗಬಹುದು. ಬದಲಿಗೆ ಏರಿಯಾ-ಡಿಸೇಬಲ್ಡ್ ಹಾಕಿ, ಆ ಹೊತ್ತಿನ ಕ್ಲಿಕ್ಕನ್ನು ಕೋಡ್‌ನಲ್ಲೇ ತಡೆಯುತ್ತೇನೆ.

ಇನ್ನು ಗುಂಪುಗಳು. ಒಂದನ್ನೇ ಆರಿಸುವ ಗುಂಪನ್ನು ಡಿವ್‌ಗಳಿಂದ (ತಮ್ಮದೇ ಅರ್ಥ, ನಡವಳಿಕೆ ಇಲ್ಲದ ಖಾಲಿ ಡಬ್ಬಿಗಳಿಂದ) ಕಟ್ಟುವ ದಾರಿಯೂ ಇದೆ. ಆಗ ರೇಡಿಯೊಗ್ರೂಪ್, ರೇಡಿಯೊ ರೋಲ್‌ಗಳನ್ನು ನಾವೇ ಕೊಡಬೇಕು. ಟ್ಯಾಬ್ ಕೀ ತಲುಪುವಂತೆ ಆರಿಸಿದ್ದಕ್ಕೆ ಟ್ಯಾಬ್‌ಇಂಡೆಕ್ಸ್ ಸೊನ್ನೆ, ತಲುಪದಂತೆ ಉಳಿದವಕ್ಕೆ ಮೈನಸ್ ಒಂದು, ಬಾಣದ ಕೀ ಒತ್ತಿದಾಗ ಫೋಕಸ್ (ಕೀಬೋರ್ಡ್ ನಿಂತಿರುವ ಜಾಗ) ಸಾಗಿಸುವುದು, ಕೊನೆಗೆ ಬಂದಾಗ ಮೊದಲಿಗೆ ಹೋಗುವುದು, ಎಲ್ಲವೂ ನಮ್ಮದೇ ಕೆಲಸ. ನಿಜವಾದ ರೇಡಿಯೊ ಇನ್‌ಪುಟ್‌ಗಳಿಗೆ ಒಂದೇ ನೇಮ್ ಕೊಟ್ಟರೆ ಇದಿಷ್ಟೂ ಪುಕ್ಕಟೆ ಸಿಗುತ್ತದೆ. ಫಾರ್ಮ್ ಡೇಟಾ ಮತ್ತು ರಿಸೆಟ್ ಕೂಡ. ನಾನು ಎರಡನೇ ದಾರಿ ಹಿಡಿದೆ, ಇವತ್ತಿಗೂ ಅದನ್ನೇ ಹೇಳುತ್ತೇನೆ. ನೇಮ್ ಅನ್ನು ಮಾತ್ರ ಕೈಯಾರೆ ಬರೆಯಬೇಡಿ. ಒಂದೇ ಫಾರ್ಮ್‌ನಲ್ಲಿ ಅದೇ ಕಾಂಪೊನೆಂಟ್ ಎರಡು ಸಲ ಬಂದರೆ, ಮೇಲಿನ ಗುಂಪಿನಲ್ಲಿ ಆರಿಸಿದಾಗ ಕೆಳಗಿನ ಗುಂಪಿನ ಆಯ್ಕೆ ಹೋಗಿಬಿಡುತ್ತದೆ. ರಿಯಾಕ್ಟ್ 18ರಲ್ಲಿ ಬಂದ, ಪ್ರತಿ ಬಳಕೆಗೂ ಬೇರೆ ಗುರುತು ಕೊಡುವ ಯೂಸ್‌ಐಡಿ ಹುಕ್‌ನಿಂದ (ಹುಕ್ ಅಂದರೆ ಕಾಂಪೊನೆಂಟ್ ಒಳಗೆ ಕರೆಯುವ ಫಂಕ್ಷನ್) ನೇಮ್ ಮಾಡಿಕೊಂಡರೆ ಈ ತಾಪತ್ರಯ ಇಲ್ಲ. ಸರ್ವರ್‌ಗೆ ಇಂಥದ್ದೇ ನೇಮ್ ಬೇಕು ಅಂದಾಗ ಮಾತ್ರ ಹೊರಗಿನಿಂದ ಕೊಡಬಹುದು.

ರೇಡಿಯೊದಲ್ಲಿ ಬಾಣದ ಕೀ ಒತ್ತಿದರೆ ಫೋಕಸ್ ಜೊತೆಗೆ ಆಯ್ಕೆಯೂ ಸಾಗುತ್ತದೆ. ನಮ್ಮಲ್ಲಿ ಹೊತ್ತು ಆರಿಸಿದ ತಕ್ಷಣ ಆ ಹೊತ್ತಿನ ಖಾಲಿ ಸ್ಲಾಟ್‌ಗಳು ಸರ್ವರ್‌ನಿಂದ ಬರುತ್ತವೆ. ಬೆಳಿಗ್ಗೆಯಿಂದ ಸಂಜೆಗೆ ಹೋಗುವವರು ಮಧ್ಯಾಹ್ನವನ್ನು ದಾಟಿಯೇ ಹೋಗಬೇಕಲ್ವಾ, ಆಗ ಬೇಡದ ಒಂದು ರಿಕ್ವೆಸ್ಟ್ ಹೋಗುತ್ತದೆ. ಅದರ ಉತ್ತರ ತಡವಾಗಿ ಬಂದರೆ ಸಂಜೆ ಅಂತ ಆರಿಸಿದ್ದರೂ ಮಧ್ಯಾಹ್ನದ ಸ್ಲಾಟ್ ಕಾಣುತ್ತದೆ. ಅದಕ್ಕೇ ಹೊಸ ಆಯ್ಕೆ ಆದಾಗ ಹಳೆಯ ರಿಕ್ವೆಸ್ಟನ್ನು ಬ್ರೌಸರಿನಲ್ಲೇ ಇರುವ ಅಬಾರ್ಟ್‌ಕಂಟ್ರೋಲರ್‌ನಿಂದ ರದ್ದು ಮಾಡುತ್ತೇವೆ. ಆ ಕೋಡ್ ಪುಟದ್ದು, ಗುಂಪಿನ ಕಾಂಪೊನೆಂಟ್‌ಗೆ ಸರ್ವರ್ ವಿಷಯ ಗೊತ್ತೇ ಇರಬಾರದು.

ಒಂದು, ಹಲವು ಎರಡಕ್ಕೂ ಒಂದೇ ಕಾಂಪೊನೆಂಟ್ ಇಟ್ಟು 'ಮಲ್ಟಿಪಲ್' ಅಂತ ಒಂದು ಪ್ರಾಪ್ (ಹೊರಗಿನಿಂದ ಕೊಡುವ ಸೆಟ್ಟಿಂಗ್) ಕೊಡಬಹುದು. ನನಗೆ ಅದು ಇಷ್ಟ ಇಲ್ಲ. ವ್ಯಾಲ್ಯೂ ಒಮ್ಮೆ ಸ್ಟ್ರಿಂಗ್ (ಒಂದೇ ಪದ), ಒಮ್ಮೆ ಅರೇ (ಪಟ್ಟಿ) ಆಗಿ, ಬಳಸುವ ಪ್ರತಿ ಕಡೆ ಅನುಮಾನ ಉಳಿಯುತ್ತದೆ. ಎರಡು ಬೇರೆ ಕಾಂಪೊನೆಂಟ್ ಮಾಡಿ, ಒಳಗಿನ ಬಿಲ್ಲೆ ಮತ್ತು ಸ್ಟೈಲ್ ಮಾತ್ರ ಹಂಚಿಕೊಂಡೆವು. ಸ್ಥಿತಿ ಯಾರ ಕೈಯಲ್ಲಿ ಅನ್ನುವುದನ್ನು ಒಂದು ಸಣ್ಣ ಹುಕ್ ನೋಡಿಕೊಳ್ಳುತ್ತದೆ. ವ್ಯಾಲ್ಯೂ ಬಂದರೆ ಪುಟದ್ದೇ ಅಧಿಕಾರ, ಬರದಿದ್ದರೆ ಡಿಫಾಲ್ಟ್‌ವ್ಯಾಲ್ಯೂನಿಂದ ಶುರು ಮಾಡಿ ಕಾಂಪೊನೆಂಟೇ ಇಟ್ಟುಕೊಳ್ಳುತ್ತದೆ. 'ಇನ್ನೂ ಏನೂ ಆರಿಸಿಲ್ಲ' ಎನ್ನುವುದಕ್ಕೆ ನಲ್ ಬಳಸುತ್ತೇವೆ. ಅನ್‌ಡಿಫೈನ್ಡ್ ಕಳಿಸಿದರೆ ಹುಕ್ ಅದನ್ನು 'ವ್ಯಾಲ್ಯೂ ಬಂದಿಲ್ಲ' ಅಂತಲೇ ತಿಳಿಯುತ್ತದೆ.

ರೇಡಿಯೊ ಒಮ್ಮೆ ಆರಿಸಿದರೆ ತೆಗೆಯಲಾಗುವುದಿಲ್ಲ. ಇನ್ನೊಮ್ಮೆ ಒತ್ತಿದರೆ ಹೋಗಲಿ ಅಂತ ಕೆಲವರು ಕೇಳುತ್ತಾರೆ. ನಾವು ಅದರ ಬದಲು 'ಯಾವಾಗಾದರೂ ಸರಿ' ಅಂತ ಒಂದು ಆಯ್ಕೆಯನ್ನೇ ಸೇರಿಸಿದೆವು. ಕಣ್ಣಿಗೆ ಕಾಣುವ ಆಯ್ಕೆ ಎಲ್ಲರಿಗೂ ಅರ್ಥವಾಗುತ್ತದೆ.

ಇನ್‌ಪುಟ್ ಮರೆಮಾಡುವುದರಲ್ಲಿ ಒಂದು ಸೂಕ್ಷ್ಮ ಇದೆ. ಡಿಸ್‌ಪ್ಲೇ ನನ್ ಹಾಕಿದರೆ ಫೋಕಸ್ ಹೋಗುತ್ತದೆ, ಸ್ಕ್ರೀನ್ ರೀಡರ್‌ಗೂ ಅದು ಇಲ್ಲವಾಗುತ್ತದೆ. ಒಂದು ಪಿಕ್ಸೆಲ್‌ಗೆ ಕುಗ್ಗಿಸಿ ಮೂಲೆಗೆ ತಳ್ಳಿದರೆ ಕೀಬೋರ್ಡ್ ಕೆಲಸ ಮಾಡುತ್ತದೆ. ಆದರೆ ಆಂಡ್ರಾಯ್ಡ್‌ನ ಸ್ಕ್ರೀನ್ ರೀಡರ್ ಆದ ಟಾಕ್‌ಬ್ಯಾಕ್ ಹಾಕಿಕೊಂಡು ಪರದೆಯ ಮೇಲೆ ಬೆರಳಾಡಿಸುವವರ ಬೆರಳಿಗೆ ಅದು ಸಿಗುವುದು ಕಷ್ಟ. ಹಾಗಾಗಿ ಇನ್‌ಪುಟ್ಟನ್ನು ಬಿಲ್ಲೆಯಷ್ಟೇ ಅಗಲ, ಎತ್ತರ ಮಾಡಿ, ಒಪಾಸಿಟಿ ಸೊನ್ನೆ ಕೊಟ್ಟು ಬಿಲ್ಲೆಯ ಮೇಲೆಯೇ ಹಾಸಿದ್ದೇವೆ. ಬೆರಳು ಎಲ್ಲಿ ಬಿದ್ದರೂ ಸಿಗುವುದು ಅಸಲಿ ಇನ್‌ಪುಟ್. ಕೀಬೋರ್ಡ್‌ನಿಂದ ಫೋಕಸ್ ಬಂದಾಗ (ಸಿಎಸ್‌ಎಸ್‌ನ ಫೋಕಸ್-ವಿಸಿಬಲ್) ಪಕ್ಕದ ಸ್ಪ್ಯಾನ್‌ಗೆ ಔಟ್‌ಲೈನ್ ಬರುತ್ತದೆ.

ಆರಿಸಿದ್ದು ಅಂತ ತೋರಿಸಲು ಬಣ್ಣ ಒಂದೇ ಸಾಲದು, ಸರಿ ಗುರುತೂ ಬೇಕು. ವಿಂಡೋಸ್‌ನ ಹೈ ಕಾಂಟ್ರಾಸ್ಟ್‌ನಲ್ಲಿ ನಾವು ಹಾಕಿದ ಹಿನ್ನೆಲೆ ಬಣ್ಣ ಉಳಿಯುವುದಿಲ್ಲ. ಅದಕ್ಕೇ ಬಿಲ್ಲೆಗೆ ಮೊದಲಿನಿಂದಲೂ ಎರಡು ಪಿಕ್ಸೆಲ್‌ನ ಟ್ರಾನ್ಸ್‌ಪರೆಂಟ್ ಬಾರ್ಡರ್ ಇದೆ. ಆ ಮೋಡ್‌ನಲ್ಲಿ ಅದು ತಾನಾಗಿ ಕಾಣಿಸಿಕೊಳ್ಳುತ್ತದೆ.

ಕನ್ನಡಕ್ಕೆ ಅಂತಲೇ ಮಾಡಿದ ಕೆಲಸವೂ ಇದೆ. ಡಿಸೈನ್‌ನಲ್ಲಿ ಬಿಲ್ಲೆಗೆ ಇಷ್ಟೇ ಎತ್ತರ ಅಂತ ಇತ್ತು. ಇಂಗ್ಲಿಷ್‌ಗೆ ಅದು ಸರಿ. ಕನ್ನಡದಲ್ಲಿ 'ಮಧ್ಯಾಹ್ನ' ಬರೆದರೆ ಕೆಳಗಿನ ಒತ್ತು ಅಂಚಿಗೆ ತಾಗಿ ಅರ್ಧ ಕತ್ತರಿಸಿಹೋಗುತ್ತದೆ. ಹೈಟ್ ತೆಗೆದು ಮಿನ್-ಹೈಟ್ 44 ಪಿಕ್ಸೆಲ್, ಲೈನ್-ಹೈಟ್ 1.6 ಕೊಟ್ಟೆವು. ವೆಬ್ ಪುಟಗಳು ಎಲ್ಲರಿಗೂ ಬಳಸಲು ಬರಬೇಕು ಅಂತ ಇರುವ ಮಾರ್ಗಸೂಚಿ, 2023ರ ಡಬ್ಲ್ಯೂಸಿಎಜಿ 2.2, ಎಎ ಮಟ್ಟದಲ್ಲಿ ಕೇಳುವುದು 24 ಪಿಕ್ಸೆಲ್ ಮಾತ್ರ, ಆದರೆ ವಯಸ್ಸಾದವರ ಬೆರಳಿಗೆ 44 ಇದ್ದರೇ ಒಳ್ಳೆಯದು. ಅಗಲ ಸಾಲದಿದ್ದರೆ ಬಿಲ್ಲೆಗಳು ಮುಂದಿನ ಸಾಲಿಗೆ ಇಳಿಯುತ್ತವೆ. ಗುಂಪಿನ ಹೊರಗೆ ಫೀಲ್ಡ್‌ಸೆಟ್, ಅದರ ಹೆಸರಿಗೆ ಲೆಜೆಂಡ್. ಫೀಲ್ಡ್‌ಸೆಟ್‌ಗೆ ಮಿನ್-ವಿಡ್ತ್ ಸೊನ್ನೆ ಕೊಡುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಒಳಗಿನದು ಅಗಲವಾದಾಗ ಅದು ಕುಗ್ಗದೆ, ಸಣ್ಣ ಫೋನಿನಲ್ಲಿ ಪುಟವೇ ಪಕ್ಕಕ್ಕೆ ಸರಿದಾಡುತ್ತದೆ.

ಟೆಸ್ಟ್‌ಗಳಲ್ಲಿ ಕ್ಲಾಸ್ ಹೆಸರು ಹಿಡಿದು ಹುಡುಕುವುದಿಲ್ಲ. ರೋಲ್ ಹಿಡಿದು ಹುಡುಕಿಕೊಡುವ ಗೆಟ್‌ಬೈರೋಲ್‌ ಫಂಕ್ಷನ್‌ಗೆ ರೇಡಿಯೊ ಎಂಬ ರೋಲ್, 'ಸಂಜೆ' ಎಂಬ ಹೆಸರು ಕೊಟ್ಟು ಹುಡುಕುತ್ತೇವೆ. ಯಾರಾದರೂ ಮುಂದೆ ಇನ್‌ಪುಟ್ ತೆಗೆದು ಸುಮ್ನೆ ಡಿವ್ ಹಾಕಿದರೆ ಟೆಸ್ಟ್ ಅಲ್ಲೇ ಬೀಳುತ್ತದೆ. ಇಷ್ಟಾದರೂ ಪ್ರತಿ ರಿಲೀಸ್‌ಗೆ ಮುಂಚೆ ವಿಂಡೋಸ್‌ನ ಸ್ಕ್ರೀನ್ ರೀಡರ್ ಎನ್‌ವಿಡಿಎ ಹಾಕಿ, ಮೌಸ್ ಮುಟ್ಟದೆ, ಒಂದು ಅಪಾಯಿಂಟ್‌ಮೆಂಟನ್ನು ಮೊದಲಿಂದ ಕೊನೆಯವರೆಗೆ ಬುಕ್ ಮಾಡುತ್ತೇನೆ. ಆಮೇಲೆ ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಹಾಕಿಕೊಂಡು ಅದನ್ನೇ ಇನ್ನೊಂದು ಸಲ.