ಹಳೆಯ ಟ್ರ್ಯಾಕ್ಟರಿನ ಬ್ಯಾಟರಿ ಚಾರ್ಜ್ ಆಗದಿದ್ದಾಗ: ನನ್ನ ಅನುಭವ

ಗದಗ ತಾಲೂಕಿನ ನಮ್ಮ ಎರೆಹೊಲದಲ್ಲಿ ದುಡಿಯುವ ಹಳೆಯ ಟ್ರ್ಯಾಕ್ಟರು, ಹೊಸ ಬ್ಯಾಟರಿ ಹಾಕಿದ ಮೇಲೂ ಹಿಂಗಾರಿ ಬಿತ್ತನೆಯ ಹೊತ್ತಿನಲ್ಲಿ ಸೆಲ್ಫ್ ಎತ್ತದಾಯಿತು. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8ರಿಂದ 14.4 ವೋಲ್ಟ್ ಬರಬೇಕಿತ್ತು. ಮಲ್ಟಿಮೀಟರ್ ತೋರಿಸಿದ್ದು 12.4 ಮಾತ್ರ. ಬ್ಯಾಟರಿಗೆ ಕರೆಂಟು ತುಂಬುವ ಆಲ್ಟರ್ನೇಟರನ್ನು ತಿರುಗಿಸುವ ಬೆಲ್ಟ್ ಬಿಗಿಯಾಗಿಯೇ ಇತ್ತು.

ಆಲ್ಟರ್ನೇಟರ್ ಬಿಚ್ಚುವ ಮೊದಲು ಅದರ ದಪ್ಪ ತಂತಿಯ ಬೋಲ್ಟಿಗೂ ಅದರದೇ ಮೈಗೂ ನಡುವೆ ಅಳೆದಾಗ 14.2 ವೋಲ್ಟ್ ಸಿಕ್ಕಿದ್ದರಿಂದ, ಕರೆಂಟು ಹುಟ್ಟುತ್ತಿದೆ, ಬ್ಯಾಟರಿಗೆ ಹೋಗುವ ದಾರಿಯಲ್ಲಿ ಎಲ್ಲೋ ತಡೆಯಿದೆ ಎಂಬುದು ಖಚಿತವಾಯಿತು. ಪಾಸಿಟಿವ್ ದಾರಿಯಲ್ಲಿ ವೋಲ್ಟೇಜ್ ಇಳಿಕೆ ಕೇವಲ 0.1 ವೋಲ್ಟ್, ಆದರೆ ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಆಲ್ಟರ್ನೇಟರಿನ ಮೈಗೂ ನಡುವೆ 1.7 ವೋಲ್ಟ್ ಇಳಿಕೆ, ಅಂದರೆ ದೋಷ ಇದ್ದದ್ದು ನೆಗೆಟಿವ್ ದಾರಿಯಲ್ಲಿ. ಈ ಪರೀಕ್ಷೆಗೆ ಖರ್ಚಿಲ್ಲ, ಆದರೂ ಇದನ್ನು ಮಾಡುವವರು ಕಡಿಮೆ.

ಎಂಜಿನ್ ನಿಲ್ಲಿಸಿ, ಬ್ಯಾಟರಿಯ ನೆಗೆಟಿವ್ ಕಂಬವನ್ನು ಟ್ರ್ಯಾಕ್ಟರಿನ ಮೈಗೆ ಜೋಡಿಸುವ ಅರ್ಥಿಂಗ್ ಪಟ್ಟಿಯನ್ನು ಬಿಚ್ಚಿದಾಗ ಬೋಲ್ಟಿನಡಿ ತುಕ್ಕೂ ಎರೆಮಣ್ಣೂ ಗಟ್ಟಿಯಾಗಿ ಕೂತಿದ್ದವು. ಉಸುಕುಕಾಗದದಿಂದ ಹೊಳೆಯುವ ತನಕ ಉಜ್ಜಿ, ಬಿಗಿದು, ವ್ಯಾಸಲಿನ್ ಸವರಿದ ಮೇಲೆ ಬ್ಯಾಟರಿಯಲ್ಲಿ 14.1 ವೋಲ್ಟ್ ಬಂದಿತು. ಓಡುವ ಎಂಜಿನಿನಲ್ಲಿ ಬ್ಯಾಟರಿ ತಂತಿ ಕಿತ್ತು ಪರೀಕ್ಷಿಸುವ ರೂಢಿಯನ್ನು ದಯವಿಟ್ಟು ಬಿಡಿ. ಆಲ್ಟರ್ನೇಟರಿನ ಡಯೋಡುಗಳು (ಕರೆಂಟನ್ನು ಒಂದೇ ದಿಕ್ಕಿಗೆ ಹರಿಸುವ ಭಾಗಗಳು) ಸುಟ್ಟುಹೋಗಬಹುದು.