ಬಾಗಿಲು ತೆರೆದಾಯಿತು, ಬೆಂಚು ತುಂಬುವುದು ಹೇಗೆ?

ಕೊರೊನಾ ಕಾಲದಲ್ಲಿ ಚರ್ಚಿನ ಗೇಟಿಗೆ ಕಟ್ಟಿದ್ದ ‘ಮಾಸ್ಕ್ ಕಡ್ಡಾಯ’ ಬ್ಯಾನರ್ ಬಿಸಿಲಿಗೆ ಬಿಳಚಿಕೊಂಡಿದೆ. ಅಂಗಳದಲ್ಲಿ ಅಂತರಕ್ಕೆಂದು ಬರೆದಿದ್ದ ಸುಣ್ಣದ ವೃತ್ತಗಳು ಅಳಿಸಿಹೋಗಿವೆ. ಆದರೂ ಹಿಂದಿನ ನಾಲ್ಕು ಸಾಲು ಬೆಂಚು ಖಾಲಿ. ಕೋಲಾರ, ಬಂಗಾರಪೇಟೆ, ಮಾಲೂರು, ಕೆಜಿಎಫ್ ಕಡೆಯ ನಿಮ್ಮ ಕ್ರೈಸ್ತ ಸಭೆಯದೂ ಇದೇ ಸ್ಥಿತಿಯಾದರೆ ಈ ಬರಹ ನಿಮಗೆ.

2020ರ ಮಾರ್ಚ್ 25ಕ್ಕೆ ಬೀಗ ಬಿತ್ತು, ಜೂನ್ 8ಕ್ಕೆ ತೆರೆಯಿತು. 2021ರ ಏಪ್ರಿಲ್ ಕೊನೆಗೆ ಮತ್ತೆ ಬೀಗ, ಜುಲೈ 5ಕ್ಕೆ ಮತ್ತೆ ಬಾಗಿಲು. 2022ರ ಜನವರಿಯಲ್ಲಿ ವಾರಾಂತ್ಯದ ಕರ್ಫ್ಯೂ. ಎರಡು ವರ್ಷ ಹೀಗೆ ತೆಗೆದು ಮುಚ್ಚಿ ಮಾಡಿದ್ದರಲ್ಲಿ ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ ಬೈಬಲ್ ಹಿಡಿದು ಹೊರಡುವ ರೂಢಿಯೇ ತಪ್ಪಿತು. ಈಗ ಇಬ್ರಿಯರಿಗೆ 10:25 ಹಿಡಿದು, ಸಭೆ ಕೂಡುವುದನ್ನು ಬಿಡಬೇಡಿರೆಂದು ಗದರುವ ಪ್ರಸಂಗ (ಬೋಧನೆ) ಮಾಡುವುದು ಸುಲಭ. ಆದರೆ ಅದನ್ನು ಕೇಳಿಸಿಕೊಳ್ಳುವವರು ಬಂದವರು. ಬಾರದವರು ಮನೆಯಲ್ಲಿದ್ದಾರೆ. ಅವರ ಬಳಿಗೆ ಪ್ರಸಂಗ ನಡೆದುಹೋಗುವುದಿಲ್ಲ, ಕಾಲು ನಡೆದುಹೋಗಬೇಕು.

ಮೊದಲು ರಿಜಿಸ್ಟರ್

ಅಯ್ಯನವರು (ಸಭೆಯ ಪಾಲಕರು), ಕಾರ್ಯದರ್ಶಿ, ಯುವಜನ ಸಂಘದಿಂದ ಒಬ್ಬರು, ಸ್ತ್ರೀಯರ ಸಂಘದಿಂದ ಇಬ್ಬರು ಒಂದು ಸಂಜೆ ಕೂತು ಸದಸ್ಯರ ರಿಜಿಸ್ಟರನ್ನು ಮನೆ ಮನೆಯಾಗಿ ಓದಿ. ಸ್ತ್ರೀಯರ ಸಂಘದವರಿಲ್ಲದೆ ಈ ಕೆಲಸಕ್ಕೆ ಕೂರಬೇಡಿ. ಯಾರ ಮಗಳು ತವರಿಗೆ ವಾಪಸಾಗಿದ್ದಾಳೆ, ಯಾರು ಹೊಸಕೋಟೆಗೆ ಬಾಡಿಗೆ ಮನೆ ಮಾಡಿಕೊಂಡು ಹೋದರು ಎಂಬುದು ಅವರಿಗೆ ಗೊತ್ತಿರುತ್ತದೆ, ಕಮಿಟಿಗೆ ಗೊತ್ತಿರುವುದಿಲ್ಲ. ಪ್ರತಿ ಮನೆಯ ಮುಂದೆ ಪೆನ್ಸಿಲಿನಲ್ಲಿ ಗುರುತು ಹಾಕಿ: ಬರುತ್ತಿದ್ದಾರೆ, ಮೊಬೈಲಿನಲ್ಲೇ ನೋಡುತ್ತಾರೆ, ಸುದ್ದಿಯೇ ಇಲ್ಲ. ಪೆನ್ನು ಬೇಡ, ಎರಡೇ ವಾರದಲ್ಲಿ ಎಷ್ಟೋ ಗುರುತು ಬದಲಾಗುತ್ತವೆ.

ಭೇಟಿಗೆ ಇಬ್ಬಿಬ್ಬರ ಜೋಡಿ ಮಾಡಿ. 80 ಮನೆಗಳಿದ್ದರೆ 8 ಜೋಡಿ, ಜೋಡಿಗೆ ವಾರಕ್ಕೆ ಎರಡು ಮನೆ, ಐದು ವಾರದಲ್ಲಿ ಮುಗಿಯುತ್ತದೆ. ವಾರಕ್ಕೆ ಐದು ಮನೆ ಎಂದು ಹುರುಪಿನಲ್ಲಿ ಹೊರಟ ಜೋಡಿ ಎರಡನೇ ವಾರಕ್ಕೇ ನಿಲ್ಲುತ್ತದೆ. ಸಾವಾದ ಮನೆಗಳು ಮೊದಲು, ಸುದ್ದಿಯಿಲ್ಲದ ಮನೆಗಳು ಆಮೇಲೆ, ಬರುತ್ತಿರುವವರು ಕೊನೆಗೆ. ಆದರೆ ಅವರನ್ನೂ ಬಿಡಬೇಡಿ, ವಾರವಾರ ಬರುವವನ ಮನೆಯಲ್ಲೂ ಕಷ್ಟವಿರುತ್ತದೆ.

ಹೊತ್ತು ನೋಡಿಕೊಂಡು ಹೋಗಿ. ಮಾರಿಕುಪ್ಪಂ, ಬಂಗಾರಪೇಟೆಯಿಂದ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು ವಾರದ ದಿನ ಕೈಗೆ ಸಿಗುವುದಿಲ್ಲ. ಅವರಿಗೆ ಭಾನುವಾರ ಮಧ್ಯಾಹ್ನವೇ ಸರಿ. ಟೊಮೆಟೊ ಕೊಯ್ಲಿನಲ್ಲಿರುವ ಮನೆಗೆ ಮೊದಲೇ ಫೋನ್ ಮಾಡಿ. ಭಾಷೆಯೂ ಮುಖ್ಯ. ಆರಾಧನೆ ಕನ್ನಡದಲ್ಲಿ ನಡೆದರೂ ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಮಾತು ತೆಲುಗು, ಕೆಜಿಎಫ್‌ನಲ್ಲಿ ತಮಿಳು ಇರುವುದುಂಟು. ಆ ಭಾಷೆ ಬಲ್ಲವರನ್ನೇ ಕಳಿಸಿ. ದುಃಖ ಮನೆಮಾತಿನಲ್ಲೇ ಬಾಯಿಬಿಡುತ್ತದೆ.

ಬಾಗಿಲಲ್ಲಿ ಆಡುವ ಮೊದಲ ಮಾತಿನಲ್ಲೇ ಅರ್ಧ ಭೇಟಿ ನಿರ್ಧಾರವಾಗುತ್ತದೆ. “ಯಾಕಮ್ಮಾ, ಚರ್ಚಿನ ಕಡೆ ತಲೇನೇ ಹಾಕ್ಲಿಲ್ಲ?” ಎಂದರೆ ಅದು ವಿಚಾರಣೆ. “ನಿಮ್ಮನ್ನ ನೋಡಿ ಬಾಳ ದಿನ ಆಯ್ತು, ಮಾತಾಡಿಸ್ಕೊಂಡು ಹೋಗೋಣ ಅಂತ ಬಂದ್ವಿ” ಎನ್ನಿ, ಆಮೇಲೆ ಸುಮ್ಮನಿರಿ. ಸುಮ್ಮನಿರುವುದೇ ಕಷ್ಟದ ಭಾಗ. ಇಪ್ಪತ್ತು ನಿಮಿಷ ಸಾಕು. ಕೀರ್ತನೆ 121 ಓದಿ, ಎಂಟೇ ವಚನ. ಪ್ರಾರ್ಥನೆಯಲ್ಲಿ ಅವರು ಹೇಳಿದ ವಿಷಯವನ್ನೇ ಎತ್ತಿ, ಮನೆಯ ಮಕ್ಕಳ ಹೆಸರು ಹಿಡಿದು ಬೇಡಿ. ನೋಟ್‌ಬುಕ್‌ನಲ್ಲಿ ಬರೆದುಕೊಳ್ಳುವುದು ಬೀದಿಗೆ ಬಂದ ಮೇಲೆ, ಅವರ ಎದುರಿಗಲ್ಲ. ಬರೆದದ್ದು ಸಭೆಯ ವಾಟ್ಸಾಪ್ ಗ್ರೂಪಿಗೆ ಹೋಗಕೂಡದು. ‘ಪ್ರಾರ್ಥನೆ ವಿಷಯ’ ಎಂಬ ಹೆಸರಿನಲ್ಲಿ ಊರಿಗೆಲ್ಲ ಹಬ್ಬುವ ಚಾಡಿಯನ್ನು ಯಾರೂ ಮರೆಯುವುದಿಲ್ಲ.

ಬಾರದಿರುವ ಕಾರಣ ಎಲ್ಲರಿಗೂ ಒಂದೇ ಅಲ್ಲ. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಇನ್ನೂ ಭಯ. ಅವರಿಗೆ ಕಿಟಕಿಯ ಪಕ್ಕ ಜಾಗ ಹಿಡಿದಿಡುವ ಭರವಸೆ ಕೊಡಿ, ಮಾಸ್ಕ್ ಹಾಕಿಕೊಂಡವರನ್ನು ಯಾರೂ ರೇಗಿಸದಂತೆ ನೋಡಿಕೊಳ್ಳಿ. ಗುಂಪಿನ ಸಾಲದ ಕಂತು ಕಟ್ಟಲಾಗದವರಿಗೆ ನಾಚಿಕೆ. ಜೊತೆಗೆ ಸಾಲ ತೆಗೆದ ಹೆಂಗಸರೇ ಪಕ್ಕದ ಬೆಂಚಿನಲ್ಲಿ ಕೂತಿರುತ್ತಾರಲ್ಲ! ಇನ್ನು ಕೆಲವರಿಗೆ ಸಿಟ್ಟು: “ನಮ್ಮಪ್ಪ ಹೋದಾಗ ನೀವ್ಯಾರೂ ಬರ್ಲಿಲ್ಲ.” ಆಗ ಪೊಲೀಸರು ಬಿಡುತ್ತಿರಲಿಲ್ಲ ಎಂಬುದು ನಿಜ. ಆದರೆ ಆ ಉತ್ತರವನ್ನು ಮೊದಲು ಕೊಡಬೇಡಿ. “ಬರ್ಬೇಕಾಗಿತ್ತು, ಬರಕ್ಕಾಗ್ಲಿಲ್ಲ, ತಪ್ಪಾಯ್ತು” ಎಂದು ಹಿರಿಯರೊಬ್ಬರು ಹೇಳಲಿ. ಬೇರೆ ಸಭೆ ಸೇರಿಕೊಂಡವರನ್ನು ಎಳೆದಾಡಬೇಡಿ, ಕೇಳಿದರೆ ವರ್ಗಾವಣೆ ಪತ್ರ ಕೊಟ್ಟು ಹರಸಿ ಕಳಿಸಿ.

ಚಂದಾ ಬಾಕಿಯ ವಿಷಯವನ್ನು ಭೇಟಿಗೆ ಮುಂಚೆಯೇ ಕಮಿಟಿಯಲ್ಲಿ ಮುಗಿಸಿ. ರಸೀದಿ ಪುಸ್ತಕ ಹಿಡಿದು ಹೋದ ಜೋಡಿಯನ್ನು ಎರಡನೇ ಸಲ ಯಾರೂ ಒಳಗೆ ಕರೆಯುವುದಿಲ್ಲ. ಬೀಗ ಬಿದ್ದಿದ್ದ ತಿಂಗಳುಗಳ ಬಾಕಿ ಕೇಳುವುದಿಲ್ಲ ಎಂದು ಠರಾವು ಮಾಡಿ, ಮಿನಿಟ್ಸ್ ಪುಸ್ತಕದಲ್ಲಿ ಬರೆದು, ಎರಡು ಭಾನುವಾರ ಪ್ರಕಟಣೆಯಲ್ಲಿ ಓದಿ. ಚಂದಾ ಕಟ್ಟಿದವರಿಗಷ್ಟೇ ಮತದ ಹಕ್ಕು ಎಂಬ ನಿಯಮ ನಿಮ್ಮಲ್ಲಿದ್ದರೆ ಮೇಲಿನವರ ಒಪ್ಪಿಗೆ ಲಿಖಿತವಾಗಿ ತೆಗೆದುಕೊಳ್ಳಿ. ಇಲ್ಲದಿದ್ದರೆ ಮುಂದಿನ ಚುನಾವಣೆಯಲ್ಲಿ ಇದೇ ಜಗಳವಾಗುತ್ತದೆ.

ತೀರಿಕೊಂಡವರ ಹೆಸರು

ಮೊದಲ ದೊಡ್ಡ ಕೂಟವನ್ನು ಸಂಭ್ರಮದ ಕೂಟವಾಗಿಯೇ ಮಾಡುವುದು ದೊಡ್ಡ ತಪ್ಪು. ಬಲೂನು, ಕೇಕು, ‘ಮರಳಿ ಸ್ವಾಗತ’ ಬ್ಯಾನರ್ ನಡುವೆ ವಿಧವೆಯೊಬ್ಬಳು ಗಂಡ ಕೂರುತ್ತಿದ್ದ ಜಾಗ ನೋಡುತ್ತಾ ಕೂತಿರುತ್ತಾಳೆ. ಬೈಬಲಿನಲ್ಲಿ ಎಜ್ರ 3:12-13 ತೆಗೆದು ನೋಡಿ. ದೇವಾಲಯಕ್ಕೆ ಮತ್ತೆ ಅಸ್ತಿವಾರ ಹಾಕಿದ ದಿನ ಹಳೆಯದನ್ನು ಕಂಡಿದ್ದ ಹಿರಿಯರು ಗಟ್ಟಿಯಾಗಿ ಅತ್ತರು, ಉಳಿದವರು ಹರ್ಷದಿಂದ ಕೂಗಿದರು, ಯಾವುದು ಅಳು ಯಾವುದು ಹರ್ಷವೆಂದು ಗೊತ್ತಾಗಲಿಲ್ಲ. ಯಾರೂ ಅಳುವವರನ್ನು ಸುಮ್ಮನಾಗಿಸಲಿಲ್ಲ. ನಿಮ್ಮ ಕೂಟದಲ್ಲೂ ಎರಡಕ್ಕೂ ಜಾಗವಿರಲಿ, ಅಳುವಿಗೆ ಮೊದಲು.

2020ರ ಮಾರ್ಚ್‌ನಿಂದ ತೀರಿಕೊಂಡ ಸದಸ್ಯರೆಲ್ಲರ ಪಟ್ಟಿ ಮಾಡಿ. ಯಾವ ಕಾಯಿಲೆಯಿಂದ ಎಂದು ಬೇರ್ಪಡಿಸಬೇಡಿ. ಹೃದಯಾಘಾತದಿಂದ ಹೋದವರಿಗೂ ಆಗ ನಾಲ್ಕು ಜನರ ಹೆಗಲು ಸಿಕ್ಕಿರಲಿಕ್ಕಿಲ್ಲ. ಹೆಸರನ್ನು ಹೇಗೆ ಓದಬೇಕೆಂದು ಮನೆಯವರನ್ನೇ ಕೇಳಿ: ರಿಜಿಸ್ಟರಿನಲ್ಲಿ ಎಸ್ತೇರಮ್ಮ ಎಂದಿರುತ್ತದೆ, ಎಲ್ಲರೂ ಕರೆಯುತ್ತಿದ್ದುದು ಪಾಪಮ್ಮ ಎಂದಿರುತ್ತದೆ. ಎರಡನ್ನೂ ಓದಿ. ತೀರಿಕೊಂಡ ದಿನಾಂಕದ ಕ್ರಮದಲ್ಲಿ ಓದಿ, ಆಗ ಯಾರು ಮೊದಲು ಯಾರು ಕೊನೆ ಎಂಬ ತಕರಾರಿಲ್ಲ. ಒಂದು ಹೆಸರು, ಒಂದು ಮೇಣದ ಬತ್ತಿ, ಐದು ಸೆಕೆಂಡ್ ಮೌನ. ಫ್ಯಾನ್ ಗಾಳಿಗೆ ಬತ್ತಿ ಆರಿದರೆ ಮನೆಯವರಿಗೆ ಚುರುಕ್ಕೆನ್ನುತ್ತದೆ. ಆ ಹದಿನೈದು ನಿಮಿಷ ಫ್ಯಾನ್ ನಿಲ್ಲಿಸಿ, ಅಥವಾ ಬತ್ತಿಗಳನ್ನು ಮರಳು ತುಂಬಿದ ಆಳದ ತಟ್ಟೆಯಲ್ಲಿ ನಿಲ್ಲಿಸಿ.

ಇದರ ಜೊತೆಗೆ ಸಮಾಧಿ ರಿಜಿಸ್ಟರನ್ನೂ ತೆರೆಯಿರಿ. ಎರಡನೇ ಅಲೆಯಲ್ಲಿ ಆಸ್ಪತ್ರೆಯಿಂದ ನೇರವಾಗಿ ಹೂಳಲು ಹೋದವರ ದಾಖಲೆ ಅದರಲ್ಲಿ ಬಿಟ್ಟುಹೋಗಿರಬಹುದು. ಮರಣ ಪ್ರಮಾಣಪತ್ರ ನೋಡಿ ಈಗಲಾದರೂ ಬರೆದು, ಅಯ್ಯನವರು ಸಹಿ ಹಾಕಲಿ. ಗುರುತಿಲ್ಲದ ಸಮಾಧಿಗೆ ಹೆಸರಿನ ಕಲ್ಲು ನೆಡುವ ಕೆಲಸ ಯುವಜನ ಸಂಘಕ್ಕೆ ವಹಿಸಿ.

ಸಾಕ್ಷಿ, ಅಂದರೆ ದೇವರು ಮಾಡಿದ ಉಪಕಾರವನ್ನು ಎಲ್ಲರೆದುರು ಹೇಳುವ ಸಮಯವೇ ಅತಿ ಅಪಾಯದ ಸಮಯ. “ನಾವು ಮನೆಯೆಲ್ಲ ಮೊಣಕಾಲೂರಿ ಪ್ರಾರ್ಥಿಸಿದ್ವಿ, ಕರ್ತನು ನಮ್ಮನ್ನ ಮುಟ್ಟಗೊಡಲಿಲ್ಲ” ಎಂದು ಒಬ್ಬರು ಹೇಳುತ್ತಾರೆ. ಮನಸ್ಸಿನಲ್ಲಿ ಕೆಟ್ಟದ್ದಿಲ್ಲ. ಆದರೆ ಮೂರನೇ ಸಾಲಿನಲ್ಲಿ ಕೂತ ತಾಯಿ ಕೇಳಿಸಿಕೊಳ್ಳುವುದು ಬೇರೆ: ಹಾಗಾದರೆ ನನ್ನ ಪ್ರಾರ್ಥನೆ ಸಾಲದೇ ಹೋಯಿತೇ? ಅದಕ್ಕೆ ಸಾಕ್ಷಿಗೆ ಎದ್ದವರೆಲ್ಲರಿಗೂ ಮೈಕ್ ಕೊಡಬೇಡಿ. ಇಬ್ಬರನ್ನು ಮೊದಲೇ ಆರಿಸಿ, ತಲಾ ಮೂರು ನಿಮಿಷ ಕೊಟ್ಟು, “ಆ ದಿನಗಳಲ್ಲಿ ನಿಮಗೆ ಒದಗಿ ಬಂದವರು ಯಾರು?” ಎಂಬ ಒಂದೇ ಪ್ರಶ್ನೆಗೆ ಉತ್ತರಿಸಲು ಹೇಳಿ. ಆಗ ಅಕ್ಕಿ ತಂದಿಟ್ಟ ನೆರೆಯವರು, ಆಕ್ಸಿಜನ್ ಸಿಲಿಂಡರಿಗೆ ಅಲೆದ ಹುಡುಗರು, ಆಶಾ ಕಾರ್ಯಕರ್ತೆಯರು ನೆನಪಾಗುತ್ತಾರೆ.

ಕಟ್ಟಡ, ಗಾಳಿ, ಕೆಮ್ಮು

ಕಿಟಕಿಗಳು ಎರಡೂ ಕಡೆ ತೆರೆದಿರಲಿ, ಇದೇ ಮುಖ್ಯ. ಬಣ್ಣ ಬಳಿದು ಅಂಟಿಕೊಂಡ ಕಿಟಕಿಗಳನ್ನು ಬಡಗಿಯಿಂದ ಬಿಡಿಸಿ. ಬೆಂಚು, ಹಿಡಿಕೆ ಒರೆಸಲು ಶೇ. 5ರ ಬ್ಲೀಚ್ ದ್ರಾವಣವನ್ನು ಲೀಟರ್ ನೀರಿಗೆ 20 ಮಿ.ಲೀ. ಬೆರೆಸಿದರೆ ಸಾಕು. ಟಾಯ್ಲೆಟ್ ಆ್ಯಸಿಡ್ ಜೊತೆ ಎಂದೂ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ. ಅಟ್ಟದಲ್ಲಿ ಬಾವಲಿ, ಪಾರಿವಾಳದ ಹಿಕ್ಕೆ ಇದ್ದರೆ ನೀರು ಚಿಮುಕಿಸಿ ನೆನೆಸಿದ ಮೇಲೆ ಗುಡಿಸಿ. ಒಣಗಿದ್ದಾಗ ಗುಡಿಸಿದರೆ ಧೂಳು ಎದೆ ಸೇರುತ್ತದೆ.

ಕೆಜಿಎಫ್ ಸಭೆಗಳಿಗೆ ಒಂದು ಮಾತು. 2001ರಲ್ಲಿ ಗಣಿ ಮುಚ್ಚಿದರೂ ಒಳಗಿಳಿದು ದುಡಿದ ಹಿರಿಯರ ಎದೆಯಲ್ಲಿ ಕಲ್ಲಿನ ಧೂಳು ಉಳಿದಿದೆ. ಸಿಲಿಕೋಸಿಸ್ ಇರುವವರು ಆರಾಧನೆಯ ಮಧ್ಯೆ ಕೆಮ್ಮುತ್ತಾರೆ. ಕೆಮ್ಮಿದ ಕೂಡಲೇ ಅಕ್ಕಪಕ್ಕದವರು ಎದ್ದು ಬೇರೆ ಬೆಂಚಿಗೆ ಹೋದರೆ ಆ ತಾತ ಮುಂದಿನ ವಾರ ಬರುವುದಿಲ್ಲ. ಬಾಗಿಲಲ್ಲಿ ನಿಲ್ಲುವ ಸ್ವಯಂಸೇವಕರಿಗೆ ಇದನ್ನು ಹೇಳಿಕೊಟ್ಟಿರಿ.

ಕರ್ತನ ಭೋಜನ

ರೊಟ್ಟಿ, ದ್ರಾಕ್ಷಿ ರಸ ಹಂಚಿಕೊಳ್ಳುವ ಈ ಸಂಸ್ಕಾರದಲ್ಲಿ ಒಂದೇ ಪಾತ್ರೆಯಲ್ಲಿ ಕುಡಿಯಲು ಹಿಂಜರಿಯುವವರಿದ್ದರೆ, ನಿಮ್ಮ ಸಭೆಯ ಕ್ರಮ ಒಪ್ಪುವುದಾದರೆ ಚಿಕ್ಕ ಲೋಟಗಳು ಒಳ್ಳೆಯದು. ತಲೆಗೆ 10 ಮಿ.ಲೀ., ನೂರು ಜನಕ್ಕೆ ಒಂದು ಲೀಟರ್. ರೊಟ್ಟಿಯನ್ನು ರಸದಲ್ಲಿ ಅದ್ದಿ ಕೊಡುವುದಾದರೆ ಅಯ್ಯನವರೇ ಅದ್ದಲಿ. ಜನರೇ ಅದ್ದಿದರೆ ರೊಟ್ಟಿಗಿಂತ ಮೊದಲು ಬೆರಳು ಮುಳುಗುತ್ತದೆ.

ರಸ ಮನೆಯಲ್ಲೇ ಮಾಡುವವರಿಗೆ ಚಿಕ್ಕಬಳ್ಳಾಪುರದ ಕಡೆ ಬೆಳೆಯುವ ಬೆಂಗಳೂರು ಬ್ಲೂ ದ್ರಾಕ್ಷಿ ಸರಿಯಾದುದು, ಬಣ್ಣವೂ ಪರಿಮಳವೂ ಗಾಢ. ಎರಡು ಕೆಜಿ ಹಣ್ಣು ತೊಳೆದು, ತೊಟ್ಟು ಬಿಡಿಸಿ, ಎರಡು ಲೋಟ ನೀರು ಹಾಕಿ, ಸಣ್ಣ ಉರಿಯಲ್ಲಿ ಸಿಪ್ಪೆ ಬಿಡುವವರೆಗೆ ಬಿಸಿ ಮಾಡಿ. ಕುದಿಸಿದರೆ ರುಚಿ ಕೆಡುತ್ತದೆ. ಬಿಳಿ ಪಂಚೆಯಲ್ಲಿ ಸೋಸಿ, ಹಿಂಡಬೇಡಿ, ಹಿಂಡಿದರೆ ಒಗರು. ಶನಿವಾರ ಮಾಡಿ ಫ್ರಿಜ್ಜಿನಲ್ಲಿಟ್ಟು ಭಾನುವಾರ ಬಳಸಿ. ಹೊರಗೆ ಬಿಗಿಯಾಗಿ ಮುಚ್ಚಿಟ್ಟರೆ ಹುಳಿಯೆದ್ದು ಬಾಟಲಿ ಸಿಡಿಯಬಹುದು. ಹಾಸಿಗೆ ಹಿಡಿದವರಿಗೆ ಅದೇ ದಿನ ಮಧ್ಯಾಹ್ನ ಮನೆಗೆ ಒಯ್ಯಿರಿ.

ಹಾಡು, ಮಕ್ಕಳು, ಮೊಬೈಲು, ಚಹಾ

ಹಾಡಿನ ಶ್ರುತಿ ಎರಡು ಮನೆ (ಎರಡು ಕೀ) ಇಳಿಸಿ, ಕಾಯಿಲೆ ಬಿದ್ದೆದ್ದವರಿಗೆ ಉಸಿರು ಸಾಲುವುದಿಲ್ಲ. ಮೊದಲ ತಿಂಗಳು ಹೊಸ ಹಾಡು ಕಲಿಸಲು ಹೋಗಬೇಡಿ. ಸಂಡೇ ಸ್ಕೂಲಿನಲ್ಲಿ ವಯಸ್ಸು ನೋಡಿ ತರಗತಿ ಮಾಡಿದರೆ ಎಡವುತ್ತೀರಿ: ಶಾಲೆ ಮುಚ್ಚಿದಾಗ ಒಂದನೇ ತರಗತಿಯಲ್ಲಿದ್ದ ಮಗು ಮೇಲಿನ ತರಗತಿಗೆ ಬಂದಿದ್ದರೂ ಕಾಗುಣಿತ ಬಂದಿರಲಿಕ್ಕಿಲ್ಲ. ಎಲ್ಲರೆದುರು ವಚನ ಓದಿಸಬೇಡಿ, ಬಾಯಿಪಾಠ ಮಾಡಿಸಿ.

ನೇರ ಪ್ರಸಾರವನ್ನು ಒಮ್ಮೆಲೇ ನಿಲ್ಲಿಸಬೇಡಿ, ಕೊನೆಯಿಲ್ಲದೆ ನಡೆಸಲೂ ಬೇಡಿ. ಮೂರು ತಿಂಗಳ ನಂತರ ಪ್ರಸಂಗದ ಆಡಿಯೊ ಮಾತ್ರ, ನಡೆಯಲಾಗದವರಿಗೆ ಮಾತ್ರ, ವಾಟ್ಸಾಪಿನಲ್ಲಿ ಕಳಿಸಿ.

ಆರಾಧನೆಯ ಮೇಲೆ ಬಿರಿಯಾನಿ ಊಟ ಆಮೇಲೆ ಇರಲಿ, ಮೊದಲು ಚಹಾ, ಬನ್ನು ಸಾಕು. ಚಹಾ ಹಿಡಿದ ಕೈ ಗೇಟಿನ ಕಡೆ ಓಡುವುದಿಲ್ಲ. ನೂರು ಲೋಟಕ್ಕೆ ಹಾಲು 4 ಲೀಟರ್, ನೀರು 4 ಲೀಟರ್, ಚಹಾ ಪುಡಿ ಕಾಲು ಕೆಜಿ, ಸಕ್ಕರೆ 800 ಗ್ರಾಂ. ಸಕ್ಕರೆ ಕಾಯಿಲೆಯವರಿಗೆ ಮೊದಲೇ ಸ್ವಲ್ಪ ತೆಗೆದಿಡಿ. ನೆಹೆಮೀಯ 8:10ರಲ್ಲಿ ಏನೂ ಸಿದ್ಧವಿಲ್ಲದವರಿಗೂ ಪಾಲು ಕಳುಹಿಸಿ ಎಂದಿದೆ. ಹತ್ತು ಬನ್ನು ಹೆಚ್ಚಿಗೆ ತಂದು, ಬರಲಾಗದ ಮನೆಗಳಿಗೆ ಮಕ್ಕಳ ಕೈಯಲ್ಲಿ ಕೊಟ್ಟು ಕಳಿಸಿ.

ಕೊನೆಗೆ ಅಯ್ಯನವರು. ಪಿಪಿಇ ತೊಟ್ಟು ಸಮಾಧಿಯ ಬಳಿ ನಿಂತವರು, ರಾತ್ರಿ ಎರಡಕ್ಕೆ ಫೋನ್ ಎತ್ತಿದವರು ಅವರು. ತಾವಾಗಿ ರಜೆ ಕೇಳುವುದಿಲ್ಲ, ಕಮಿಟಿಯೇ ಎರಡು ಭಾನುವಾರ ಸೇರಿದಂತೆ ಹದಿನೈದು ದಿನ ಬರೆದುಕೊಡಲಿ. ಆ ದಿನಗಳಲ್ಲಿ ಸಾವು, ಆಸ್ಪತ್ರೆ ಏನಾದರೂ ಒದಗಿದರೆ ಕರೆಯಬೇಕಾದ ಪಕ್ಕದ ಸಭೆಯ ಪಾಲಕರ ನಂಬರನ್ನು ನೋಟಿಸ್ ಬೋರ್ಡಿನಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಿ. ಇಲ್ಲವಾದರೆ ರಜೆಯ ಎರಡನೇ ದಿನವೇ ಅವರ ಮೊಬೈಲು ರಿಂಗಾಗುತ್ತದೆ.